ಹಾಡಿಗೆ ಎಷ್ಟು ರೊಕ್ಕ? ಕಲಬುರಗಿ ಕಡೆಯ ಸ್ಟುಡಿಯೋ ಲೆಕ್ಕ

"ಒಂದು ಹಾಡಿಗೆ ಎಷ್ಟು ತಗೋತೀರಿ?" ಹಾಡು ಕಟ್ಟಿ ರೆಕಾರ್ಡ್ ಮಾಡಿಕೊಡುವ ಸಣ್ಣ ಸ್ಟುಡಿಯೋದವರು ಫೋನ್ ಎತ್ತಿದ ಕೂಡಲೇ ಬರುವ ಪ್ರಶ್ನೆ ಇದು. ಇದಕ್ಕೆ ಒಂದೇ ಅಂಕಿ ಹೇಳಿಬಿಟ್ಟರೆ ಅಲ್ಲಿಂದಲೇ ನಷ್ಟ ಶುರು. ಕೇಳುವವರು ಹಾಡು ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಸಾಮಾನು ಕೇಳುತ್ತಿರುತ್ತಾರೆ: ರಾಗ ಕೂಡಿಸುವುದು, ಟ್ರ್ಯಾಕ್ (ಹಿನ್ನೆಲೆಯ ವಾದ್ಯಸಂಗೀತ) ಕಟ್ಟುವುದು, ಧ್ವನಿ ಹಿಡಿದು ಮಿಕ್ಸ್ ಮಾಡುವುದು (ಎಲ್ಲ ಸದ್ದನ್ನೂ ಹದವಾಗಿ ಬೆರೆಸುವುದು), ಮತ್ತೆ ಆ ರೆಕಾರ್ಡಿಂಗಿನ ಒಡೆತನ. ಮೊದಲ ಮೂರು ದುಡಿಮೆ, ನಾಲ್ಕನೆಯದು ಆಸ್ತಿ. ನಮ್ಮ ಕಡೆ ಎಷ್ಟೋ ಮಂದಿ ದುಡಿಮೆಯ ರೇಟಿಗೆ ಆಸ್ತಿಯನ್ನೂ ಕಟ್ಟಿ ಕಳಿಸುತ್ತಾರೆ, ಅದೂ ಬಾಯಿಮಾತಿನಲ್ಲಿ.

ಮೊದಲು ದುಡಿಮೆಯ ಬೆಲೆ ಕಂಡುಕೊಳ್ಳೋಣ. ಉದಾಹರಣೆಗೆ ಒಂದು ಸಣ್ಣ ಸ್ಟುಡಿಯೋ: ಕಂಪ್ಯೂಟರ್, ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಎರಡು ಮೈಕು, ಸ್ಪೀಕರ್, ಕೀಬೋರ್ಡ್, ಯುಪಿಎಸ್ ಎಲ್ಲ ಸೇರಿ ₹1,80,000. ನಾಲ್ಕು ವರ್ಷ ಬಾಳುತ್ತದೆ ಎಂದು ಹಿಡಿದರೆ ತಿಂಗಳಿಗೆ ₹3,750 ಸವೆಯುತ್ತದೆ. ಬಾಡಿಗೆ ₹6,000, ಕರೆಂಟು ₹2,000, ಇಂಟರ್‌ನೆಟ್ ₹800, ಕೇಬಲ್ಲು ರಿಪೇರಿ ₹1,000. ಇಲ್ಲಿಗೆ ₹13,550. ಮನೆಗೆ ₹25,000 ಬೇಕೆಂದರೆ ಒಟ್ಟು ₹38,550. ತಿಂಗಳಲ್ಲಿ 26 ದಿನ ಬಾಗಿಲು ತೆರೆದರೂ ರೊಕ್ಕ ಹುಟ್ಟುವ ದಿನ 12 ಸಿಕ್ಕರೆ ಹೆಚ್ಚು. ಉಳಿದದ್ದು ಫೋನು, ತಿದ್ದುಪಡಿ, ಬರುತ್ತೇನೆಂದ ಹಾಡುಗಾರರ ದಾರಿ ಕಾಯುವುದು, ವಸೂಲಿ. 38,550ನ್ನು 12ರಿಂದ ಭಾಗಿಸಿದರೆ ₹3,212. ನಿಮ್ಮ ಒಂದು ದಿನದ ಕೂಲಿ ಅದು. ಈ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ, ಆದರೆ ಯಂತ್ರದ ಸವಕಳಿ ಮಾತ್ರ ಬಿಡಬೇಡಿ. ಬಿಟ್ಟರೆ ನಾಲ್ಕನೇ ವರ್ಷ ಹೊಸ ಕಂಪ್ಯೂಟರಿಗೆ ಸಾಲ ಎತ್ತಬೇಕಾಗುತ್ತದೆ.

ಈಗ ಹಾಡಿಗೆ ಬನ್ನಿ. ಟ್ರ್ಯಾಕ್ ಕಟ್ಟಲು ಎರಡು ದಿನ, ಧ್ವನಿಗೆ ಅರ್ಧ, ಮಿಕ್ಸಿಗೆ ಒಂದು, ತಿದ್ದುಪಡಿಗೆ ಅರ್ಧ. ನಾಲ್ಕು ದಿನಕ್ಕೆ ₹12,850. ಗಿರಾಕಿ ಹೇಳುವುದು ಐದು ಸಾವಿರ. ಇಲ್ಲಿ ಜಗಳವಾಡಿ ಪ್ರಯೋಜನವಿಲ್ಲ, ಹಾಗಂತ ನಾಲ್ಕು ದಿನದ ಕೆಲಸವನ್ನು ಐದು ಸಾವಿರಕ್ಕೆ ಮಾಡುವುದೂ ಅಲ್ಲ. ಐದು ಸಾವಿರಕ್ಕೆ ಒಂದೂವರೆ ದಿನ ಬರುತ್ತದೆ. ಒಂದೂವರೆ ದಿನದಲ್ಲಿ ಮುಗಿಯುವ ಹಾಡು ಎಂಥದ್ದು ಅನ್ನುವುದನ್ನು ಮೊದಲೇ ರೂಪಿಸಿ ಇಟ್ಟುಕೊಳ್ಳಬೇಕು. ಢೋಲಕ್, ತಬಲಾ, ಹಲಗಿ, ಬೇಸು, ಹಾರ್ಮೋನಿಯಂ, ಬ್ಯಾಂಜೊ, ಕೊಳಲು ಜೋಡಿಸಿ, ಇಕ್ಯೂ (ದಪ್ಪ, ತೆಳು ಸದ್ದನ್ನು ಏರಿಳಿಸುವುದು), ಕಂಪ್ರೆಸರ್ (ಜೋರು, ಮೆಲ್ಲಗಿನ ಅಂತರ ಕುಗ್ಗಿಸುವುದು) ಹಾಕಿ, ವಾದ್ಯಗಳನ್ನು ಗುಂಪುಗೂಡಿಸುವ ಬಸ್ಸುಗಳನ್ನು ಕಟ್ಟಿಟ್ಟ ಒಂದು ಟೆಂಪ್ಲೇಟು, ಅಂದರೆ ಸಿದ್ಧ ಅಚ್ಚು. ಒಂದು ಮುನ್ನುಡಿ ಸಂಗೀತ. ಎರಡು ನಡುಸಂಗೀತ, ಎರಡನೆಯದು ಮೊದಲನೆಯದರ ಸಣ್ಣ ಬದಲಾವಣೆ. ಧ್ವನಿಗೆ ಎರಡು ತಾಸು. ತಿದ್ದುಪಡಿ ಎರಡು ಸಲ. ಜೀವಂತ ವಾದ್ಯ ಬೇಕಾದರೆ ವಾದ್ಯದವರ ರೊಕ್ಕ ಬೇರೆ, ಅದನ್ನು ಗಿರಾಕಿಯೇ ನೇರವಾಗಿ ಕೊಡಲಿ. ಇದನ್ನೇ ಬರೆದು ವಾಟ್ಸಾಪಿನಲ್ಲಿ ಕಳಿಸಿ. "ಐದು ಸಾವಿರಕ್ಕೆ ಇಷ್ಟು ಬರುತ್ತದೆ, ಹದಿಮೂರಕ್ಕೆ ಇಷ್ಟು" ಎಂದಾಗ ಅರ್ಧಕ್ಕರ್ಧ ಚೌಕಾಸಿ ತಾನೇ ನಿಲ್ಲುತ್ತದೆ.

ತಿದ್ದುಪಡಿ ಅನ್ನುವುದು ಈ ಧಂದೆಯ ತೂತು. "ಸ್ವಲ್ಪ ಜೋರ್ ಇರ್ಲಿ", "ಅಲ್ಲಿ ಏನೋ ಕಮ್ಮಿ ಅನಸ್ತದ" ಎಂಬ ವಾಯ್ಸ್ ನೋಟುಗಳನ್ನು ಒಂದೊಂದಾಗಿ ಹಿಂಬಾಲಿಸಿದರೆ ವಾರ ಹೋಗುತ್ತದೆ. ಎಲ್ಲ ತಿದ್ದುಪಡಿ ಒಂದೇ ಸಲ, ನಿಮಿಷ ಸೆಕೆಂಡ್ ಸಮೇತ, ಒಬ್ಬರೇ ಹೇಳಬೇಕು. ಸಂಘದ ಹಾಡಾದರೆ ಅಧ್ಯಕ್ಷರು ಒಂದು, ಕಾರ್ಯದರ್ಶಿ ಇನ್ನೊಂದು ಹೇಳುವುದು ಖಂಡಿತ. ಮೂರನೇ ಸಲಕ್ಕೆ ಅರ್ಧ ದಿನದ ಕೂಲಿ. ರೊಕ್ಕದ ಕಂತು ಹೀಗಿರಲಿ: ದಿನ ಗೊತ್ತುಮಾಡುವಾಗ ಅರ್ಧ ಸಂಚಕಾರ, ಧ್ವನಿ ಮುಗಿದ ದಿನ ಶೇ 30, ಕೊನೆಯ ಫೈಲ್ ಹೋಗುವ ಮೊದಲು ಉಳಿದ ಶೇ 20. ಅಲ್ಲಿಯವರೆಗೆ ಕೇಳಿಸಲು ಕಳಿಸುವ ಎಂಪಿ3ಯಲ್ಲಿ ಇಪ್ಪತ್ತು ಸೆಕೆಂಡಿಗೊಮ್ಮೆ "ಡೆಮೊ" ಎಂಬ ಕೂಗು ಹಾಕಿರಿ. ಒರಟು ಅನ್ನಿಸಬಹುದು. ಆದರೆ ಡೆಮೊ ಫೈಲೇ ಜಾತ್ರೆಯ ಡಿಜೆ ಗಾಡಿಯಲ್ಲಿ ಬಾರಿಸಿಹೋದ ಮೇಲೆ ಉಳಿದ ರೊಕ್ಕ ಬರುವುದಿಲ್ಲ.

ಸುಗ್ಗಿ ಯಾವಾಗ

ನಮ್ಮ ಕಡೆ ಹಾಡಿನ ಕೆಲಸಕ್ಕೂ ಬೆಳೆಯಂತೆ ಹಂಗಾಮು ಇದೆ. ಸಂಕ್ರಾಂತಿಗೆ ಯಾದಗಿರಿಯ ಮೈಲಾಪುರದ ಮೈಲಾರಲಿಂಗನ ಜಾತ್ರೆ, ಜನವರಿಯಲ್ಲೇ ಹುಮನಾಬಾದಿನ ವೀರಭದ್ರೇಶ್ವರ. ಫೆಬ್ರವರಿ 15 ಸೇವಾಲಾಲ್ ಜಯಂತಿ. ತಾಂಡಾಗಳಿಂದ ಲಂಬಾಣಿ ಹಾಡುಗಳ ಬೇಡಿಕೆ ಡಿಸೆಂಬರಿನಲ್ಲೇ ಶುರುವಾಗುತ್ತದೆ. ಹೋಳಿ ಮುಗಿದ ಮೇಲೆ ಕಲಬುರಗಿಯ ಶರಣಬಸವೇಶ್ವರರ ರಥೋತ್ಸವ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಭೀಮಗೀತೆಗಳು, ಅದರ ಬೆನ್ನಿಗೆ ಬಸವ ಜಯಂತಿ. ಮೊಹರಮ್ಮಿಗೆ ರಿವಾಯತ್ ಪದ. ಚಾಂದ್ರಮಾನದ ಲೆಕ್ಕದಲ್ಲಿ ಅದು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಕಳೆದ ವರ್ಷದ ಡೈರಿ ನೋಡಿ ಯೋಜನೆ ಹಾಕಬೇಡಿ. ಶ್ರಾವಣಕ್ಕೆ ಭಜನೆ, ಗಣಪತಿಗೆ ಡಿಜೆ ಹಾಡು, ಡಿಸೆಂಬರಿನ ಹೊತ್ತಿಗೆ ಗಾಣಗಾಪುರದ ದತ್ತ ಜಯಂತಿ. ಗಾಣಗಾಪುರಕ್ಕೆ ಮಹಾರಾಷ್ಟ್ರದ ಭಕ್ತರೇ ಬಹಳ, ಹಾಗಾಗಿ ಅದೇ ರಾಗಕ್ಕೆ ಮರಾಠಿ ಸಾಹಿತ್ಯದ ಇನ್ನೊಂದು ಪ್ರತಿ ಮಾಡಿದರೆ ಅರ್ಧ ದಿನದ ಕೆಲಸಕ್ಕೆ ಇನ್ನೊಂದು ಹಾಡಿನ ರೊಕ್ಕ. ಬೀದರ್ ಕಡೆ ನವೆಂಬರಿನಲ್ಲಿ ಕ್ರಿಸ್ಮಸ್ ಹಾಡುಗಳು.

ಹಬ್ಬದ ಹಾಡು ಹಬ್ಬಕ್ಕೆ ಮೂರು ವಾರ ಮೊದಲು ಹೊರಬೀಳಬೇಕು. ಹಬ್ಬದ ವಾರದಲ್ಲಿ ಬಂದ ಹಾಡನ್ನು ಡಿಜೆಯವರು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದಿಲ್ಲ, ಅವರ ಪಟ್ಟಿ ಆಗಲೇ ತಯಾರಾಗಿರುತ್ತದೆ. ಅಂದರೆ ಏಪ್ರಿಲ್ 14ರ ಹಾಡಿಗೆ ಫೆಬ್ರವರಿ ಕೊನೆಗೆ ಧ್ವನಿ ಮುಗಿದಿರಬೇಕು. ಭಾಷೆ ಬಗ್ಗೆ ಒಂದು ಮಾತು: ಕನ್ನಡ, ದಖನಿ, ಮರಾಠಿ, ತೆಲುಗು, ಲಂಬಾಣಿ ಐದೂ ಒಂದೇ ಸ್ಟುಡಿಯೋಕ್ಕೆ ಬರುತ್ತವೆ. ಗೊತ್ತಿಲ್ಲದ ಭಾಷೆಯ ಧ್ವನಿ ಹಿಡಿಯುವಾಗ ಆ ಭಾಷೆ ಬಲ್ಲ ಒಬ್ಬರು ಸಾಹಿತ್ಯದ ಹಾಳೆ ಹಿಡಿದು ಕೂತಿರಲೇಬೇಕು. ಶ್ರುತಿ ತಪ್ಪನ್ನು ಆಮೇಲೆ ಸಾಫ್ಟ್‌ವೇರ್ ತಿದ್ದುತ್ತದೆ. ನುಂಗಿದ ಅಕ್ಷರವನ್ನು ತಿದ್ದುವ ಸಾಫ್ಟ್‌ವೇರ್ ಇಲ್ಲ.

ಇವುಗಳ ನಡುವೆ ಅಡುಗೆಮನೆ ನಡೆಸುವುದು ಹಾಡಲ್ಲ, ಆಟೋ ಪ್ರಚಾರ. ಪಿಯು ಕಾಲೇಜಿನ ಪ್ರವೇಶ, ಸೀರೆ ಅಂಗಡಿಯ ಆಷಾಢ ರಿಯಾಯಿತಿ, ಕೋಚಿಂಗ್ ಕ್ಲಾಸು, ಹೊಸ ಆಸ್ಪತ್ರೆ. ಮೂವತ್ತು ಸೆಕೆಂಡಿನ ಧ್ವನಿ, ಹಿಂದೊಂದು ಸಂಗೀತ, ಎರಡು ತಾಸಿನ ಕೆಲಸ, ಕೈಗೆ ಕೈ ರೊಕ್ಕ. ಇದನ್ನು ಕೀಳಾಗಿ ನೋಡುವವರು ಅದನ್ನು ಕೆಟ್ಟದಾಗಿಯೂ ಮಾಡುತ್ತಾರೆ. ಆಟೋ ಮೇಲಿನ ಹಾರ್ನ್ ಸ್ಪೀಕರು (ಹರ್ಟ್ಸ್ ಕಡಿಮೆಯಾದಷ್ಟೂ ಸದ್ದು ದಪ್ಪ, ಹೆಚ್ಚಾದಷ್ಟೂ ತೆಳು) 300 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ಮೂಕ, 6 ಕಿಲೋಹರ್ಟ್ಸ್ ಮೇಲೆ ಸೊರಗುತ್ತದೆ. ಸ್ಟುಡಿಯೋ ಸ್ಪೀಕರಿನಲ್ಲಿ ಗಂಭೀರವಾಗಿ ಕೇಳುವ ಧ್ವನಿ ಅಲ್ಲಿ ಗೊಣಗುತ್ತದೆ. 250 ಹರ್ಟ್ಸ್ ಕೆಳಗೆ ಕತ್ತರಿಸಿ, 2ರಿಂದ 3 ಕಿಲೋಹರ್ಟ್ಸ್ ನಡುವೆ 3–4 ಡೆಸಿಬಲ್ ಏರಿಸಿ, ಗಟ್ಟಿಯಾಗಿ ಕಂಪ್ರೆಸ್ ಮಾಡಿ, ಸಂಗೀತವನ್ನು ಧ್ವನಿಗಿಂತ 12 ಡೆಸಿಬಲ್ ಕೆಳಗೆ ಇಟ್ಟು, ಮೋನೋ (ಎಡಬಲ ಬೇರ್ಪಡಿಸದ) ಫೈಲ್ ಕೊಡಿ. ಫೋನ್ ನಂಬರನ್ನು ಎರಡು ಸಲ, ಎರಡೆರಡು ಅಂಕಿ ಬಿಡಿಸಿ ಓದಿಸಿ.

ಚುನಾವಣೆ ಬಂದರೆ ಪ್ರಚಾರ ಗೀತೆಗಳ ಮಳೆ. ಸಿನಿಮಾ ರಾಗಕ್ಕೆ ಹೆಸರು ಕೂಡಿಸಿ ಕೊಡಿ ಎನ್ನುತ್ತಾರೆ. ಆ ರಾಗದ ಹಕ್ಕು ಕಂಪನಿಯದು, ಯೂಟ್ಯೂಬಿಗೆ ಏರಿಸಿದ ದಿನವೇ ಕ್ಲೇಮ್ (ಇದು ನಮ್ಮದು ಎಂಬ ಹಕ್ಕಿನ ದೂರು) ಬರುತ್ತದೆ. ಸ್ವಂತ ರಾಗದಲ್ಲೇ ಕಟ್ಟಿಕೊಡಿ. ಚುನಾವಣಾ ಆಯೋಗದ ನಿಯಮದ ಪ್ರಕಾರ ಅಭ್ಯರ್ಥಿಯ ಖರ್ಚು ಒಬ್ಬರಿಗೆ ₹10,000 ಮೀರಿದರೆ ನಗದು ಕೊಡುವಂತಿಲ್ಲ, ಬ್ಯಾಂಕಿನಿಂದಲೇ ಬರಬೇಕು, ಸಾಮಾಜಿಕ ಜಾಲತಾಣದ ಜಾಹೀರಾತಿಗೆ ಪೂರ್ವ ಪ್ರಮಾಣೀಕರಣವೂ ಬೇಕು. ಹಾಗಾಗಿ ಬಿಲ್ ಹರಿದುಕೊಡಿ. ಮತ್ತೆ ಈ ಒಂದು ಕೆಲಸಕ್ಕೆ ಮಾತ್ರ ಕಂತು ಬೇಡ, ಪೂರ್ತಿ ಮುಂಗಡ. ಸೋತವರಿಗೆ ಕೊಡಲು ಮನಸ್ಸಿರುವುದಿಲ್ಲ, ಗೆದ್ದವರು ಫೋನಿಗೆ ಸಿಗುವುದಿಲ್ಲ.

ಕೋಣೆ, ಕರೆಂಟು, ಬಿಸಿಲು

ಊರಲ್ಲಿ ಬಾಡಿಗೆಗೆ ಸಿಗುವ ಕೋಣೆ ಹತ್ತಕ್ಕೆ ಹತ್ತು, ಎತ್ತರವೂ ಹತ್ತು. ಧ್ವನಿಗೆ ಇದಕ್ಕಿಂತ ಕೆಟ್ಟ ಆಕಾರ ಇಲ್ಲ. ಹತ್ತು ಅಡಿ ಅಂದರೆ 3.05 ಮೀಟರ್, ಧ್ವನಿಯ ವೇಗ 343ನ್ನು ಅದರ ಎರಡರಷ್ಟರಿಂದ ಭಾಗಿಸಿದರೆ 56 ಹರ್ಟ್ಸ್. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ್ದರಿಂದ ಮೂರು ದಿಕ್ಕಿನ ಗುಂಯ್‌ಗುಡಿಕೆಯೂ ಅದೇ 56ಕ್ಕೆ ಬಂದು ಕೂಡುತ್ತದೆ. ಡಿಜೆ ಹಾಡಿನ ಕಿಕ್ (ಡ್ರಮ್ಮಿನ ದಪ್ಪ ಏಟು) ಇರುವುದೂ ಅಲ್ಲೇ. ಕೋಣೆಯಲ್ಲಿ ಬೇಸು ಹೆಚ್ಚಾಗಿ ಕೇಳುತ್ತದೆ, ನೀವು ಕಡಿಮೆ ಮಾಡುತ್ತೀರಿ, ಜಾತ್ರೆಯ ಗಾಡಿಯಲ್ಲಿ ಹಾಡು ಬಡಕಲಾಗುತ್ತದೆ. ಕೋಣೆ ಆರಿಸಲು ಅವಕಾಶವಿದ್ದರೆ ಮೂರೂ ಅಳತೆ ಬೇರೆ ಬೇರೆ ಇರುವುದನ್ನು ಹಿಡಿಯಿರಿ, 11 ಅಡಿಗೆ 14 ಅಡಿಯದು ಸಿಕ್ಕರೆ ₹500 ಹೆಚ್ಚು ಕೊಡಬಹುದು.

ಇದರ ಮೇಲೆ ನೆಲಕ್ಕೆ ಶಹಾಬಾದ್ ಫರ್ಸಿ, ಗೋಡೆಗೆ ಸಿಮೆಂಟು. ಚಪ್ಪಾಳೆ ತಟ್ಟಿದರೆ ಪಟಪಟನೆ ಮರಳುತ್ತದೆ. ಒಂದು ಇಂಚಿನ ಫೋಮು, ತತ್ತಿ ಟ್ರೇ ಅಂಟಿಸುವವರು ದುಡ್ಡು ಹಾಳುಮಾಡುತ್ತಾರೆ. 100 ಹರ್ಟ್ಸ್ ಅಲೆಯ ಕಾಲುಭಾಗವೇ 86 ಸೆಂಟಿಮೀಟರ್. ಇಂಚಿನ ಫೋಮು ಬರೀ ಮೇಲಿನ ಧ್ವನಿ ನುಂಗಿ, ಕೆಳಗಿನ ಗುಂಯ್‌ಗುಡಿಕೆ ಹಾಗೇ ಬಿಡುತ್ತದೆ. ಆಗ ಕೋಣೆ ಮಂಕೂ ಹೌದು, ಗುಂಯ್‌ಗುಟ್ಟುವುದೂ ಹೌದು. ನಾಲ್ಕು ಇಂಚು ದಪ್ಪದ, ಘನ ಮೀಟರಿಗೆ 48 ಕೆಜಿ ಸಾಂದ್ರತೆಯ ರಾಕ್‌ವುಲ್ (ಕಲ್ಲಿನ ನೂಲಿನ ಹಾಸು) ತಂದು, 4 ಅಡಿಗೆ 2 ಅಡಿ ಕಟ್ಟಿಗೆ ಚೌಕಟ್ಟಿನಲ್ಲಿ ತುಂಬಿ, ಮಾದರಪಾಟ ಬಟ್ಟೆ ಸುತ್ತಿ ಎಂಟು ಹಲಗೆ ಮಾಡಿಸಿ. ನಾಲ್ಕು ಮೂಲೆಗೆ ನಾಲ್ಕು, ಕಿವಿಯ ಮಟ್ಟಕ್ಕೆ ಅಕ್ಕಪಕ್ಕ ಎರಡು, ತಲೆಯ ಮೇಲೆ ಒಂದು, ಬೆನ್ನ ಹಿಂದೆ ಒಂದು. ಗೋಡೆಗೆ ಅಂಟಿಸದೆ ಮೂರು ಇಂಚು ಜಾಗ ಬಿಟ್ಟು ನಿಲ್ಲಿಸಿದರೆ ಅದೇ ಹಲಗೆ ಇನ್ನಷ್ಟು ಕೆಳಗಿನ ಧ್ವನಿ ಹೀರುತ್ತದೆ. ತುಂಬುವಾಗ ಕೈಗವಸು, ಮುಖಕ್ಕೆ ಮಾಸ್ಕ್; ಆ ನೂಲು ಚರ್ಮಕ್ಕೆ ತಾಗಿದರೆ ಎರಡು ದಿನ ತುರಿಕೆ. ರೊಕ್ಕ ಇಲ್ಲವೆಂದರೆ ದಪ್ಪ ಹತ್ತಿ ಗಾದಿ ನಡುವಿನ ಧ್ವನಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಲಿ ಬರುತ್ತವೆ, ಅಷ್ಟೇ.

ಬೇಸಿಗೆಯಲ್ಲಿ 42 ಡಿಗ್ರಿ ದಾಟಿದಾಗ ಫ್ಯಾನ್ ಆರಿಸಿ ಹಾಡಿಸುವುದು ಶಿಕ್ಷೆ. ಏಪ್ರಿಲ್, ಮೇನಲ್ಲಿ ಧ್ವನಿಯ ಕೆಲಸ ಬೆಳಿಗ್ಗೆ ಆರರಿಂದ ಒಂಬತ್ತು, ಮಿಕ್ಸು ಮಧ್ಯಾಹ್ನ. ಬಿಸಿಯಾದ ಲ್ಯಾಪ್‌ಟಾಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಗ ರೆಕಾರ್ಡಿಂಗಿನಲ್ಲಿ ಚಟ್ ಚಟ್ ಸದ್ದು ಬೀಳುತ್ತದೆ. ಅದನ್ನು ಇಂಟರ್‌ಫೇಸಿನ ದೋಷ ಅಂದುಕೊಂಡು ಹೊಸದು ಕೊಳ್ಳುವ ಮೊದಲು ಸಾಫ್ಟ್‌ವೇರಿನ ಬಫರ್ (ಸದ್ದನ್ನು ತುಸು ಕೂಡಿಟ್ಟು ಕಳಿಸುವ ಜಾಗ) 128ರಿಂದ 256ಕ್ಕೆ ಏರಿಸಿ, ಲ್ಯಾಪ್‌ಟಾಪಿನ ಕೆಳಗಿನ ಧೂಳು ತೆಗೆಸಿ ನೋಡಿ.

ಕರೆಂಟಿಗೆ ಪ್ಯೂರ್ ಸೈನ್ ವೇವ್ ಯುಪಿಎಸ್ಸೇ ಬೇಕು. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಸ್ಪೀಕರ್ ನಡೆಸಿದರೆ ಸೊಳ್ಳೆ ಹಾಡಿದಂಥ ಸದ್ದು. ಮಾಮೂಲಿ 50 ಹರ್ಟ್ಸ್ ಗುಂಯ್ ಬರುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ; ನಿಂತರೆ ಅರ್ಥಿಂಗ್ ಸಮಸ್ಯೆ. ಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2–3 ವೋಲ್ಟ್ ಮೀರಿದರೆ ಎಲೆಕ್ಟ್ರೀಷಿಯನ್ನರನ್ನು ಕರೆಯಿರಿ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ಸುತ್ತ ಮಣ್ಣು ಸರಳನ್ನೇ ಬಿಟ್ಟುಬಿಡುತ್ತದೆ.

ಹಾರ್ಮೋನಿಯಂ, ತಾಳ, ಹಲಗಿ

ನಗರದ ವಿಡಿಯೋ ಪಾಠಗಳಲ್ಲಿ ಸಿಗದ ಭಾಗ ಇದು. ಭಜನಾ ಮೇಳದ ಹಾರ್ಮೋನಿಯಂ 440 ಹರ್ಟ್ಸ್‌ನ ಮಾಮೂಲಿ ಶ್ರುತಿಗೆ ಇರುತ್ತದೆ ಎಂದು ನಂಬಿ ಟ್ರ್ಯಾಕ್ ಕಟ್ಟಿದರೆ ಕೆಲಸ ಪೂರ್ತಿ ವ್ಯರ್ಥ. ಮೇಳದವರು "ಕಾಳಿ ಎರಡು" ಎಂದರೆ ಕಪ್ಪು ಎರಡು, ಅಂದರೆ ಡಿ ಶಾರ್ಪ್. ಆದರೆ ಹಳೆಯ ಪೆಟ್ಟಿಗೆಯ ಕಾಳಿ ಎರಡು ಇಪ್ಪತ್ತು ಮೂವತ್ತು ಸೆಂಟ್ಸ್ (ಪಕ್ಕದ ಕೀಲಿಗೆ ನೂರು ಸೆಂಟ್ಸ್) ಮೇಲೋ ಕೆಳಗೋ ಇರಬಹುದು. ಮೊದಲು ಟ್ಯೂನರಿನಲ್ಲಿ ಐದಾರು ಸ್ವರ ಅಳೆಯಿರಿ. ಎಲ್ಲವೂ ಒಂದೇ ಅಂತರದಲ್ಲಿ ಇದ್ದರೆ ಸಾಫ್ಟ್‌ವೇರಿನ ಮಾಸ್ಟರ್ ಟ್ಯೂನ್ ಅಷ್ಟು ಸರಿಸಿ, ನಿಮ್ಮ ಬೇಸು, ಕೀಬೋರ್ಡು ಪೆಟ್ಟಿಗೆಗೆ ಹೊಂದಲಿ. ಒಂದೊಂದು ಸ್ವರ ಒಂದೊಂದು ಕಡೆ ಇದ್ದರೆ ಆ ಪೆಟ್ಟಿಗೆಯನ್ನು ಹಾಡುವಾಗ ಕೇಳಿಸಿಕೊಳ್ಳಲಷ್ಟೇ ಬಳಸಿ, ಕೊನೆಯ ಹಾಡಿಗೆ ಬೇರೆ ಪೆಟ್ಟಿಗೆ ನುಡಿಸಿಸಿ. ಮೈಕು ಎರಡು ಅಡಿ ಎತ್ತರದಲ್ಲಿ, ತಿದಿಯ ಕಡೆ ಬೆನ್ನು ಹಾಕಿ. ಹತ್ತಿರ ಇಟ್ಟರೆ ಉಸಿರು, ಕೀಲಿಯ ಟಕಟಕ ಎರಡೂ ಬರುತ್ತವೆ.

ತಬಲಾದ ಚರ್ಮ ಒಣ ಬಿಸಿಲಿಗೆ ಬಿಗಿದು ಏರುತ್ತದೆ, ಮಳೆಗಾಲದ ತೇವಕ್ಕೆ ಇಳಿಯುತ್ತದೆ. ಎಸಿ ಕೋಣೆಗೆ ತಂದ ಕೂಡಲೇ ಶ್ರುತಿ ಮಾಡಿ ಹಾಡಿಸಿದರೆ ಎರಡನೇ ಚರಣಕ್ಕೆ ತಪ್ಪಿರುತ್ತದೆ. ಅರ್ಧ ತಾಸು ಕೋಣೆಯಲ್ಲಿ ಬಿಟ್ಟು ಆಮೇಲೆ ಸುತ್ತಿಗೆ ಹಿಡಿಯಲಿ.

ತಾಳ ಮತ್ತು ದಮ್ಮಡಿ ಭಜನೆಯ ಜೀವ, ರೆಕಾರ್ಡಿಂಗಿನ ಶತ್ರು. 6ರಿಂದ 10 ಕಿಲೋಹರ್ಟ್ಸ್‌ನಲ್ಲಿ ಚುಚ್ಚುವ ಆ ಸದ್ದು ಹಾಡುವವರ ಮೈಕಿಗೆ ಬಿದ್ದರೆ ತೆಗೆಯಲು ಬರುವುದಿಲ್ಲ. ಧ್ವನಿಗೆ ಸ್ವಲ್ಪ ಹೊಳಪು ಕೊಡಹೋದರೆ ತಾಳವೇ ಮುಂದೆ ಬರುತ್ತದೆ. ಎಲ್ಲರೂ ಕೂಡಿಯೇ ಹಾಡುತ್ತೇವೆ ಎಂದರೆ ತಾಳದವರನ್ನು ಮುಖ್ಯ ಗಾಯಕರ ಎದುರಿಗೆ ಏಳೆಂಟು ಅಡಿ ದೂರ, ಕಾರ್ಡಿಯಾಯ್ಡ್ ಮೈಕಿನ ಬೆನ್ನಿಗೆ ಬರುವಂತೆ ಕೂರಿಸಿ. ಮೈಕಿಗೆ ಕಿವುಡು ಇರುವುದು ಅದರ ಬೆನ್ನ ಕಡೆ.

ತತ್ವಪದ, ಭಜನೆ ಕ್ಲಿಕ್ಕಿಗೆ (ವೇಗ ಹಿಡಿಯಲು ಹೆಡ್‌ಫೋನಿನಲ್ಲಿ ಕೇಳಿಸುವ ಟಿಕ್ ಟಿಕ್) ಕೂಡುವುದಿಲ್ಲ. ನಿಮಿಷಕ್ಕೆ 84 ಏಟಿನಲ್ಲಿ ಶುರುವಾದದ್ದು ಕೊನೆಗೆ 96ಕ್ಕೆ ಏರಿರುತ್ತದೆ, ಏರಬೇಕು ಕೂಡ. ಹಾಡಿಸಿ ಮುಗಿಸಿ, ಆಮೇಲೆ ನೀವು ಕೈಯಿಂದ ತಟ್ಟಿ ಟೆಂಪೋ ಮ್ಯಾಪ್ (ವೇಗದ ನಕ್ಷೆ) ಕಟ್ಟಿ, ಅದರ ಮೇಲೆ ವಾದ್ಯ ಕೂರಿಸಿ. ಡಿಜೆ ಮಾದರಿಯ ಹಾಡಿಗೆ ವೇಗ ಕದಲಬಾರದು. ಅಲ್ಲಿಯೂ ಟಿಕ್ ಟಿಕ್ ಬದಲು ಹೆಡ್‌ಫೋನಿಗೆ ಢೋಲಕ್ ಲೂಪ್ (ಮತ್ತೆ ಮತ್ತೆ ಮರಳುವ ತುಣುಕು) ಕೊಟ್ಟರೆ ಹಳ್ಳಿಯ ಹಾಡುಗಾರರು ಸಲೀಸಾಗಿ ಹಿಡಿಯುತ್ತಾರೆ. ಬಯಲಲ್ಲಿ ಹಾಡಿ ರೂಢಿಯಾದ ಗಂಟಲು ತಾರಕಕ್ಕೆ ಏರಿದಾಗ 10 ಡೆಸಿಬಲ್ ಜಿಗಿಯುತ್ತದೆ. ಪರೀಕ್ಷೆಗೆ ಪಲ್ಲವಿ ಹಾಡಿಸಬೇಡಿ, ಎಲ್ಲಕ್ಕಿಂತ ಎತ್ತರದ ಸಾಲು ಹಾಡಿಸಿ, ಅದು ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ದಾಟದಂತೆ ಗೇನ್ (ಮೈಕಿನ ಮಟ್ಟ) ಇಡಿ. 24 ಬಿಟ್‌ನಲ್ಲಿ ಮೆಲ್ಲಗಿನದ್ದು ಆಮೇಲೆ ಏರಿಸಬಹುದು, ಒಡೆದದ್ದು ಒಡೆದದ್ದೇ.

ಹಲಗಿಯನ್ನು ಕೋಣೆಯಲ್ಲಿ ಹಿಡಿಯುವ ಸಾಹಸ ಬೇಡ. ಮಾಳಿಗೆ ಮೇಲೆ, ಗಾಳಿ ಕಮ್ಮಿ ಇರುವ ಹೊತ್ತು, ಡೈನಾಮಿಕ್ ಮೈಕು ಒಂದು ಅಡಿ ದೂರ. ಚರ್ಮ ಕಾಯಿಸಲು ಅವರು ಬೆಂಕಿ ಕೇಳುತ್ತಾರೆ. ಮಾಳಿಗೆಯಾದರೆ ಅದಕ್ಕೂ ಜಾಗ. ಒಮ್ಮೆ ನಾಲ್ಕೈದು ಬಗೆಯ ನಡೆಗಳನ್ನು ಬೇರೆ ಬೇರೆ ವೇಗದಲ್ಲಿ ಹಿಡಿದು, ಬಾರಿಸಿದವರಿಗೆ ರೊಕ್ಕ ಕೊಟ್ಟು, ಮುಂದಿನ ಹಾಡುಗಳಿಗೂ ಬಳಸುತ್ತೇನೆ ಎಂದು ಬರೆಸಿ ಸಹಿ ಮಾಡಿಸಿಕೊಂಡರೆ ನಿಮ್ಮದೇ ಲೂಪ್ ಭಂಡಾರ ಆಗುತ್ತದೆ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಮಿಕ್ಸಿನಲ್ಲಿ 120 ಹರ್ಟ್ಸ್ ಕೆಳಗಿನದ್ದೆಲ್ಲ ಮೋನೋ. ಜಾತ್ರೆಯ ಎಷ್ಟೋ ಸೌಂಡ್ ಸಿಸ್ಟಂಗಳು ಎಡಬಲ ಕೂಡಿಸಿಯೇ ಬಾರಿಸುತ್ತವೆ. ಅಗಲ ಮಾಡುವ ಪ್ಲಗಿನ್ ಹಾಕಿದ ಬ್ಯಾಂಜೊ ಅಲ್ಲಿ ಮಾಯವಾಗುತ್ತದೆ. ಸ್ಪಾಟಿಫೈ ಹಾಡುಗಳನ್ನು ಮೈನಸ್ 14 ಲಫ್ಸ್‌ಗೆ (ಹಾಡಿನ ಒಟ್ಟು ಜೋರಿನ ಅಳತೆ) ತಂದು ಬಾರಿಸುತ್ತದೆ, ಯೂಟ್ಯೂಬ್ ಕೂಡ ಅದರ ಆಸುಪಾಸು. ಡಿಜೆ ಪೆನ್‌ಡ್ರೈವಿನಲ್ಲಿ ಆ ನಿಯಮ ಇಲ್ಲ, ಅಲ್ಲಿ ಪಕ್ಕದ ಹಾಡಿಗಿಂತ ಮೆಲ್ಲಗಿದ್ದರೆ ಹಾಡು ಸತ್ತಂತೆ. ಎರಡು ಮಾಸ್ಟರ್ (ಕೊನೆಯ ಪಕ್ಕಾ ರೆಕಾರ್ಡಿಂಗ್) ಮಾಡಿ, ಎರಡನೆಯದಕ್ಕೆ ರೊಕ್ಕ ಕೇಳಿ.

ಒಡೆತನದ ಕಾಗದ

ಮ್ಯೂಸಿಕ್ ಪ್ರೊಡ್ಯೂಸರ್ ಎಂಬ ಹೆಸರೇ ಇಲ್ಲಿ ಮೋಸ ಮಾಡುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ನಿರ್ಮಾಪಕ ಎಂದರೆ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವನು, ಸಾಮಾನ್ಯವಾಗಿ ರೊಕ್ಕ ಹಾಕಿದವನು. ಕೂತು ಟ್ರ್ಯಾಕ್ ಕಟ್ಟಿದವರಲ್ಲ. ರಾಗ ನಿಮ್ಮದಾದರೆ ನೀವು ಸಂಗೀತ ರಚನಕಾರರು, ಅದಕ್ಕೆ ಬೇರೆ ಹಕ್ಕು ಇದೆ. ರಾಗ ಹಾಡುಗಾರರದು, ರೊಕ್ಕ ಯೂಟ್ಯೂಬ್ ಚಾನೆಲ್‌ನವರದು ಎಂದಾದರೆ ನೀವು ಕೂಲಿಯವರು, ಕೂಲಿ ಪೂರ್ತಿ ತೆಗೆದುಕೊಳ್ಳಿ. ಯಾವ ಹಾಡಿಗೆ ಯಾವ ಪಾತ್ರ ಅನ್ನುವುದು ಧ್ವನಿ ಹಿಡಿಯುವ ಮೊದಲೇ ಇತ್ಯರ್ಥ ಆಗಬೇಕು. ಹಾಡು ಓಡಿದ ಮೇಲೆ ಎತ್ತಿದ ಮಾತು ಜಗಳವೇ ಆಗುತ್ತದೆ.

ಹಕ್ಕು ವರ್ಗಾವಣೆ ಸಹಿ ಇರುವ ಬರಹದಲ್ಲಿ ಇಲ್ಲದಿದ್ದರೆ ಕಾಯ್ದೆಯಲ್ಲಿ ಅದು ನಿಲ್ಲುವುದಿಲ್ಲ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ 19ನೇ ಕಲಂ ಹೇಳುತ್ತದೆ. "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂಬ ಸಾಲಿಗೆ ಸಹಿ ಹಾಕಿದರೆ ಈ ರಕ್ಷಣೆ ಹೋಯಿತು. ಆದರೂ 2012ರ ತಿದ್ದುಪಡಿಯಿಂದ ಒಂದು ಉಳಿಯುತ್ತದೆ: ಸಾಹಿತ್ಯ ಬರೆದವರು, ಸಂಗೀತ ರಚಿಸಿದವರು ತಮ್ಮ ರಾಯಧನದ ಪಾಲನ್ನು ಚಾನೆಲ್‌ನವರಿಗೆ ಬಿಟ್ಟುಕೊಡಲು ಬರುವುದಿಲ್ಲ. ಆ ಪಾಲು ಸಂಗ್ರಹಿಸಿ ಹಂಚುವುದು 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಸಂಸ್ಥೆ. ರಚನಕಾರರಾಗಿ ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ನೋಂದಾಯಿಸಿ, ಯಾರಿಗೆ ಎಷ್ಟು ಶೇಕಡ ಎಂದು ಸಾಹಿತಿಯ ಜೊತೆ ಒಪ್ಪಿ ಬರೆದಿಡಿ. ಸದಸ್ಯರಾಗಿ ಹಾಡು ನೋಂದಾಯಿಸದೆ ಕೂತವರಿಗೆ ಬರುವುದು ಸೊನ್ನೆ.

ಒಂದು ಪುಟ ಸಾಕು: ಹಾಡಿನ ಹೆಸರು, ಸಾಹಿತ್ಯ ಯಾರದು, ರಾಗ ಯಾರದು, ಮಾಸ್ಟರ್ ಯಾರದು, ಎಷ್ಟು ವರ್ಷ, ಯಾವ ಯಾವ ಕಡೆ, ರೊಕ್ಕ ಎಷ್ಟು, ವಿಡಿಯೋದಲ್ಲಿ ಹೆಸರು ಹೇಗೆ ಬರಬೇಕು. ಚಾನೆಲ್‌ನವರು ಮಾಸ್ಟರ್ ಕೇಳಿದರೆ ಎರಡು ದರ ಹೇಳಿ. ಪೂರ್ತಿ ಮಾರಾಟಕ್ಕೆ ದುಡಿಮೆಯ ಮೂರರಷ್ಟು. ಇಲ್ಲವೇ ದುಡಿಮೆಯ ರೊಕ್ಕ ಅರ್ಧಕ್ಕೆ ಇಳಿಸಿ, ಮಾಸ್ಟರಿನಲ್ಲಿ ಪಾಲು. ಪಾಲು ಬೇಡವೆನ್ನುವವರ ಹತ್ತಿರ ಕೂಲಿಯಲ್ಲಿ ಒಂದು ರೂಪಾಯಿಯೂ ಬಿಡಬೇಡಿ.

ವಚನ, ಕಡಕೋಳ ಮಡಿವಾಳಪ್ಪನವರಂಥವರ ತತ್ವಪದ, ಇವುಗಳ ಸಾಹಿತ್ಯಕ್ಕೆ ಕೃತಿಸ್ವಾಮ್ಯ ಇಲ್ಲ. ಆದರೆ ಕ್ಯಾಸೆಟ್ ಕಾಲದಲ್ಲಿ ಯಾರೋ ಕೂಡಿಸಿದ ರಾಗಕ್ಕೆ ಇದೆ. ರಚನಕಾರರು ಬದುಕಿರುವವರೆಗೂ, ಆಮೇಲೆ 60 ವರ್ಷವೂ. "ಇದು ಜಾನಪದ" ಎಂದು ಗಿರಾಕಿ ಹೇಳಿದ್ದನ್ನು ನಂಬದೆ ಹಳೆಯ ರೆಕಾರ್ಡಿಂಗ್ ಹುಡುಕಿ ಕೇಳಿ. ಅನುಮಾನ ಇದ್ದರೆ ಸಾಹಿತ್ಯ ಇಟ್ಟುಕೊಂಡು ರಾಗ ಹೊಸದು ಮಾಡಿ. ರಚನಕಾರರ ಪಾಲೂ ಆಗ ನಿಮ್ಮದೇ.

ಇನ್ನು ಕಂಟೆಂಟ್ ಐಡಿ, ಅಂದರೆ ಯಾರ ಹಾಡು ಎಲ್ಲಿ ಬಳಕೆಯಾಗಿದೆ ಎಂದು ಯೂಟ್ಯೂಬ್ ತಾನೇ ಹುಡುಕುವ ವ್ಯವಸ್ಥೆ. ಇಂಟರ್‌ನೆಟ್ಟಿನಲ್ಲಿ ಕೊಂಡ ಲೂಪನ್ನು ಹಾಗೇ ಹಾಕಿದ ಹಾಡನ್ನು ಅಲ್ಲಿ ಸೇರಿಸಿದರೆ, ಅದೇ ಲೂಪ್ ಹಾಕಿದ ಇನ್ನೊಬ್ಬರ ಹಾಡಿನ ಮೇಲೆ ನಿಮ್ಮ ಕ್ಲೇಮ್ ಹೋಗುತ್ತದೆ, ಅವರು ಮೊದಲು ಸೇರಿಸಿದ್ದರೆ ನಿಮ್ಮ ಮೇಲೆ ಬರುತ್ತದೆ. ನಿಮಗೆ ಮಾತ್ರ ಸೇರಿದ ಧ್ವನಿ ಇದ್ದರಷ್ಟೇ ಸೇರಿಸಬೇಕು ಅನ್ನುವುದು ನಿಯಮ. ಮಾಳಿಗೆ ಮೇಲೆ ಹಿಡಿದ ಹಲಗಿಯ ಉಪಯೋಗ ಇದು. ಇನ್ನೊಂದು ದಿನನಿತ್ಯದ ರಗಳೆ: ಹಾಡುಗಾರರು ಅದೇ ಫೈಲನ್ನು ತಮ್ಮ ಚಾನೆಲ್ಲಿಗೂ ಏರಿಸುತ್ತಾರೆ, ಅವರ ಮೇಲೆ ಕ್ಲೇಮ್ ಬಿದ್ದು ಮನಸ್ತಾಪ. ಅವರ ಚಾನೆಲ್ಲನ್ನು ವಿತರಕರ (ನಿಮ್ಮ ಹಾಡನ್ನು ಆ್ಯಪ್‌ಗಳಿಗೆ ಏರಿಸಿಕೊಡುವ ಕಂಪನಿಯವರ) ಅನುಮತಿ ಪಟ್ಟಿಗೆ ಮೊದಲೇ ಸೇರಿಸಿಬಿಡಿ. ತಪ್ಪು ಕ್ಲೇಮ್ ಬಂದರೆ ವಿವಾದ ಸಲ್ಲಿಸಿ. ಎದುರಿನವರು ಉತ್ತರಿಸಲು 30 ದಿನ ಇರುತ್ತದೆ, ಹಬ್ಬದ ಹಾಡಾದರೆ ಅಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಮೂರು ವಾರ ಮೊದಲೇ ಹೊರಡಿಸಲು ಇದೂ ಒಂದು ಕಾರಣ.

ಸ್ವಂತ ಚಾನೆಲ್ಲಿಗೆ ಜಾಹೀರಾತಿನ ಪಾಲು ಬರಲು 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ತಾಸು ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಖಾತೆಯಲ್ಲಿ 10 ಡಾಲರ್ ಆದಾಗ ಪಿನ್ ಇರುವ ಪತ್ರ ಅಂಚೆಯಲ್ಲಿ ಬರುತ್ತದೆ. ತಾಂಡಾ, ಹಳ್ಳಿಯ ವಿಳಾಸವಾದರೆ ಪೋಸ್ಟ್‌ಮ್ಯಾನ್‌ಗೆ ಹೇಳಿಡಿ, ಎಷ್ಟೋ ಪತ್ರ ಅಂಚೆ ಕಚೇರಿಯಲ್ಲೇ ಉಳಿಯುತ್ತವೆ. 100 ಡಾಲರ್ ಆಗದೆ ರೊಕ್ಕ ಬ್ಯಾಂಕಿಗೆ ಬರುವುದಿಲ್ಲ. ಅಮೆರಿಕದ ತೆರಿಗೆ ಫಾರಂ ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ ಶೇ 24ರವರೆಗೆ ಕಡಿಯಬಹುದು; ಪ್ಯಾನ್ ಕೊಟ್ಟು ತುಂಬಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ ಶೇ 15. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಏನೂ ಕೊಡುವುದಿಲ್ಲ. ಹಾಗಾಗಿ ಸ್ಟ್ರೀಮಿಂಗ್ ರೊಕ್ಕವನ್ನು ಮನೆ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ, ಬಂದಾಗ ಮೈಕು ಕೊಳ್ಳಿ.

ತೆರಿಗೆಯಲ್ಲಿ ನೆನಪಿಡಬೇಕಾದದ್ದು ಎರಡು. ವರ್ಷದ ವಹಿವಾಟು ₹20 ಲಕ್ಷ ದಾಟುವವರೆಗೆ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಕಂಪನಿಗಳು ಶೇ 10 ಟಿಡಿಎಸ್ ಕಡಿದು ಕೊಟ್ಟಿದ್ದರೆ ರಿಟರ್ನ್ ಸಲ್ಲಿಸದೆ ಅದು ಮರಳುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ. ಮಾಡಿಸಿಕೊಂಡರೆ ಸಂಸ್ಥೆಗಳು 45 ದಿನದೊಳಗೆ ಬಿಲ್ ತೀರಿಸಬೇಕು ಎಂದು ಕೇಳಲು ಕಾನೂನಿನ ಆಧಾರ ಸಿಗುತ್ತದೆ. ಮುದ್ರಾ ಸಾಲದಲ್ಲಿ ಶಿಶು ₹50,000ದವರೆಗೆ, ಕಿಶೋರ್ ₹5 ಲಕ್ಷದವರೆಗೆ. ಬ್ಯಾಂಕಿಗೆ ಹೋಗುವಾಗ ಯಂತ್ರಗಳ ಕೊಟೇಶನ್ ಜೊತೆ ಆರು ತಿಂಗಳ ಬಿಲ್ ಪುಸ್ತಕವನ್ನೂ ಒಯ್ಯಿರಿ.

ಉದ್ರಿ ಕೊಟ್ಟದ್ದಿದ್ದರೆ ಕೇಳಲು ಒಳ್ಳೆಯ ಹೊತ್ತು ಜನವರಿ: ತೊಗರಿ ಮಾರಿ ಊರಲ್ಲಿ ರೊಕ್ಕ ಓಡಾಡುತ್ತಿರುತ್ತದೆ. ಮಳೆ ಹಿಡಿದು ಫೋನ್ ಮೌನವಾಗುವ ದಿನಗಳಲ್ಲಿ ಹಳೆಯ ಪ್ರಾಜೆಕ್ಟುಗಳನ್ನು ತೆರೆದು, ಧ್ವನಿ ಇಲ್ಲದ ಪ್ರತಿ ತೆಗೆದಿಡಿ. ಶಾಲೆಗಳ ವಾರ್ಷಿಕೋತ್ಸವಕ್ಕೆ ಡಿಸೆಂಬರಿನಲ್ಲಿ ಕರೋಕೆ ಕೇಳಿಕೊಂಡು ಬರುತ್ತಾರೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ, ಐದು ನಿಮಿಷದ 40 ಟ್ರ್ಯಾಕಿನ ಹಾಡು ಸುಮಾರು 1.7 ಜಿಬಿ. ಅಂದರೆ ಒಂದು ಟಿಬಿ ಡಿಸ್ಕಿನಲ್ಲಿ ಐನೂರಕ್ಕೂ ಹೆಚ್ಚು ಹಾಡು ಹಿಡಿಯುತ್ತವೆ. ಎರಡು ಡಿಸ್ಕ್ ತನ್ನಿ, ಒಂದು ಸ್ಟುಡಿಯೋದಲ್ಲಿ ಇರಲಿ, ಇನ್ನೊಂದು ಮನೆಯಲ್ಲಿ.